ಗೋಪುರ ಹತ್ತಲಾರದ ದೊತ್ತೋರೆ

ನೆರಿಯೊ ಬಾಲ್ಬೋನಿ ಕಷ್ಟಕ್ಕೆ ಸಿಕ್ಕಿಕೊಂಡಿದ್ದು ಒಬ್ಬ ಲಾಡ್ಜ್ ಯಜಮಾನನ ಒಳ್ಳೆಯತನದಿಂದ. ಬುಧವಾರ ಬೆಳಿಗ್ಗೆ ನೆರಿಯೊ ಮುಖದ ತುಂಬ ಸೋಪು ಹಚ್ಚಿಕೊಂಡು ಗಡ್ಡ ಹೆರೆಯುತ್ತಿದ್ದಾಗ ಮನೆಯ ಫೋನು ಬಡಿದುಕೊಂಡಿತು. ಎತ್ತಿಕೊಂಡವಳು ಹೆಂಡತಿ ವಾನ್ನಾ. ಆ ಕಡೆಯಿಂದ ಬೆಣ್ಣೆಯಂಥ ದನಿ ಕೇಳಿತು: "ದೊತ್ತೋರೆ ಬಾಲ್ಬೋನಿಯವರಿಗೆ ನಾಳೆ ಬೊಲೋನ್ಯಾದಲ್ಲಿ ರೂಮು ಬೀದಿ ಕಡೆಯದು ಬೇಕೋ, ಅಂಗಳದ ಕಡೆಯದೋ?"

ವಾನ್ನಾ ಬಚ್ಚಲ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು. "ಫೆರಾರಾದಲ್ಲಿ ಆಫೀಸ್ ಟ್ರೈನಿಂಗ್ ಇರೋನಿಗೆ ಬೊಲೋನ್ಯಾದಲ್ಲಿ ರೂಮ್ ಯಾಕಪ್ಪಾ?"

ನೆರಿಯೊನ ಕತ್ತಿ ಕೆನ್ನೆಯ ಮೇಲೇ ನಿಂತಿತು. ಬಾಯಿಗೆ ಬಂದ ಮೊದಲ ಸುಳ್ಳನ್ನೇ ಹೇಳಿಬಿಟ್ಟ. "ಅಯ್ಯೋ, ಕೊನೇವರೆಗೂ ನಿಂಗೆ ಹೇಳಬಾರದು ಅಂತಿದ್ದೆ ಮಾರಾಯ್ತಿ! ಇಬ್ಬರೂ ಎರಡು ದಿನ ಹಾಯಾಗಿ ಸುತ್ತಾಡ್ಕೊಂಡು ಬರೋಣ ಅಂತ."

"ಬೊಲೋನ್ಯಾಕ್ಕಾ? ನಾವಿಬ್ಬರೇನಾ?" ವಾನ್ನಾ ಕೂಗಿದ ಕೂಗಿಗೆ ಎದುರು ಮನೆಯಲ್ಲಿ ಹೂಗಿಡಕ್ಕೆ ನೀರು ಹಾಕುತ್ತಿದ್ದ, ಓಣಿಗೆಲ್ಲ ಅತ್ತೆಯಾದ ದಿರ್ಚೆ ಅತ್ತೆ ಚೊಂಬು ಕೆಳಗಿಟ್ಟು ಕಿಟಕಿಗೆ ಬಂದಳು. ಅಲ್ಲಿಗೆ ಊರಿಗೆಲ್ಲ ಡಂಗುರ ಸಾರಿದ ಹಾಗಾಯಿತು.

ನಿಜ ಸಂಗತಿಯೇ ಬೇರೆ. ಈ ದೇಶದಲ್ಲಿ ಡಿಗ್ರಿ ಮುಗಿಸಿದವರೆಲ್ಲ 'ದೊತ್ತೋರೆ'. ಔಷಧಿ ಕೊಡಬೇಕೆಂದೇನಿಲ್ಲ. ಪೋ ನದಿಯ ದಂಡೆಯ ಈ ಪುಟ್ಟ ಊರಿಗೆ ನೆರಿಯೊನೇ ದೊತ್ತೋರೆ. ಪುರಸಭೆಯ ಕಚೇರಿಯಲ್ಲಿ ಅವನ ಮೇಜಿನ ಮುಂದೆ ಬೇಲಿ ಜಗಳ, ಪಾಲಿನ ಜಗಳ ಹೊತ್ತುಕೊಂಡು ಜನ ಸಾಲುಗಟ್ಟುತ್ತಿದ್ದರು. ಎಲ್ಲವೂ ಸರಿಯಾಗಿತ್ತು, ಡಿಗ್ರಿ ಒಂದು ಬಿಟ್ಟು. ಬೊಲೋನ್ಯಾದಲ್ಲಿ ಕಾನೂನು ಓದುತ್ತಿದ್ದಾಗ, ಒಂದೇ ಒಂದು ಪರೀಕ್ಷೆ ಬಾಕಿ ಇರುವಾಗ ಅಪ್ಪ ಹಾಸಿಗೆ ಹಿಡಿದ. ನೆರಿಯೊ ಊರಿಗೆ ಬಂದು ಕೆಲಸಕ್ಕೆ ಸೇರಿದ. ಮೊದಲ ದಿನವೇ ಯಾರೋ "ದೊತ್ತೋರೆ" ಅಂದರು. ಅಲ್ಲ ಅನ್ನಲು ಇವನಿಗೆ ನಾಲಿಗೆ ಏಳಲಿಲ್ಲ. ಮೂವತ್ತು ವರ್ಷ ಹಾಗೇ ಕಳೆಯಿತು.

ಆದರೆ ನೆರಿಯೊ ಸುಮ್ಮನೆ ಕೂತವನಲ್ಲ, ಅದನ್ನು ಮೆಚ್ಚಲೇಬೇಕು. ಕಳೆದ ನಾಲ್ಕು ವರ್ಷ ಭಾನುವಾರ ಭಾನುವಾರ ಗಾಳ ಹಿಡಿದು ನದಿ ದಂಡೆಗೆ ಹೋಗಿ, ಗಾಳವನ್ನು ನೀರಿಗೆ ಬಿಟ್ಟು, ತಾನು ಪುಸ್ತಕ ಬಿಚ್ಚಿಕೊಂಡು ಕೂತಿದ್ದ. ಬಾಕಿ ಪರೀಕ್ಷೆ ಪಾಸು ಮಾಡಿ ಪ್ರಬಂಧವನ್ನೂ ಬರೆದಿದ್ದ: ನದಿ ಪಾತ್ರ ಬದಲಿಸಿದಾಗ ಹೊಸದಾಗಿ ಎದ್ದ ನೆಲ ಯಾರಿಗೆ ಸೇರಬೇಕು ಎಂದು. ದಿರ್ಚೆ ಅತ್ತೆಗೂ ಅವಳ ಮೈದುನನಿಗೂ ಅಂಥ ಒಂದು ಪಟ್ಟಿ ನೆಲಕ್ಕಾಗಿ ಹೊಡೆದಾಟವೇ ನಡೆದಿತ್ತು. ಶುಕ್ರವಾರ ಬೆಳಿಗ್ಗೆ ಬೊಲೋನ್ಯಾದಲ್ಲಿ ಪಂಡಿತರ ಮುಂದೆ ನಿಂತು ಪ್ರಬಂಧ ಒಪ್ಪಿಸಿಬಿಟ್ಟರೆ ಮೂವತ್ತು ವರ್ಷದ ಸುಳ್ಳು ಸದ್ದಿಲ್ಲದೆ ನಿಜವಾಗುತ್ತಿತ್ತು. ಈಗ ಹೆಂಡತಿಯನ್ನೂ ಕರೆದುಕೊಂಡು ಹೋಗಬೇಕು.

ಕಾಫಿ ಕುಡಿಯಲು ಎರ್ಮೆಸ್‌ನ ಅಂಗಡಿಗೆ ಹೋದರೆ ಅಲ್ಲಿ ಆಗಲೇ ಅವನ ಪ್ರವಾಸದ ಸಭೆ ನಡೆಯುತ್ತಿತ್ತು.

"ದೊತ್ತೋರೆ, ಅಲ್ಲಿ ಹೋಗಿ ಮಾಂಸದ ಗೊಜ್ಜಿಗೆ ಸ್ಪಗೆತ್ತಿ ಗಿಗೆತ್ತಿ ಕೇಳಿ ಊರ ಮಾನ ಕಳೀಬೇಡಿ," ಎಂದ ಎರ್ಮೆಸ್. "ತಾಲ್ಯಾತೆಲ್ಲೆ ಅನ್ನಿ. ಆ ಅಗಲ ಪಟ್ಟಿ ಶಾವಿಗೆಗೇ ಗೊಜ್ಜು ಹಿಡಿಯೋದು."

"ಬೊಲೋನ್ಯಾ ಬಗ್ಗೆ ಅವರಿಗೇ ಹೇಳ್ತೀಯಾ? ಓದಿದೋರು!" ಎಂದು ಅವನ ಬಾಯಿ ಮುಚ್ಚಿಸಿದವನು ಲೋರಿಸ್. ಕಚೇರಿಯಲ್ಲಿ ನೆರಿಯೊನ ಪಕ್ಕದ ಮೇಜಿನವನು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದಿದ್ದ. "ನಾನೂ ರಜ ಹಾಕಿದೀನಿ ದೊತ್ತೋರೆ. ಭಾವನ ವ್ಯಾನ್ ಇದೆ. ನಾನೇ ಓಡಿಸ್ತೀನಿ."

"ನಾನು ಮುಂದಿನ ಸೀಟಲ್ಲಿ ಕೂತ್ಕೋತೀನಿ, ಹಿಂದೆ ಕೂತ್ರೆ ನಂಗೆ ವಾಂತಿ," ಎನ್ನುತ್ತ ದಿರ್ಚೆ ಅತ್ತೆ ಒಳಗೆ ಬಂದಳು.

ನೆರಿಯೊ ಬೇಡವೆನ್ನಲು ಬಾಯಿ ತೆರೆದ. ಆದರೆ ಬೊಲೋನ್ಯಾದ ಮಾತು ಬಂದೊಡನೆ ಅವನ ಮನಸ್ಸು ಕರಗಿತು. "ಎಂಥಾ ಊರು ಅದು!" ಎಂದ. "ಮಳೇಲಿ ಕೊಡೆ ಇಲ್ಲದೆ ಮೈಲಿಗಟ್ಟಲೆ ನಡೀಬಹುದು, ಎಲ್ಲಾ ಕಡೆ ಕಮಾನು ಜಗಲಿ. ಸಂಜೆ ಬಿಸಿಲು ಬಿದ್ರೆ ಗೋಡೆಗಳೆಲ್ಲ ಕೆಂಪಗೆ ಉರಿಯುತ್ತವೆ. ಜೇಬಲ್ಲಿ ಬಿಡಿಕಾಸಿಲ್ಲದ ಹುಡುಗನೂ ಆ ಜಗಲೀಲಿ ರಾಜನ ಹಾಗೆ ತಿರುಗ್ತಿದ್ದ." ಅವನ ಕಣ್ಣಲ್ಲಿ ನೀರಾಡಿತು.

"ಹಾಗಾದ್ರೆ ಹೋದ ತಕ್ಷಣ ಗೋಪುರ ಹತ್ತೋದು!" ಎಂದ ಎರ್ಮೆಸ್. "ಗುರುವಾರ ಸಂಜೆ, ಸೂರ್ಯ ಮುಳುಗೋ ಹೊತ್ತಿಗೆ."

ನೆರಿಯೊಗೆ ಕಾಫಿ ನೆತ್ತಿಗೇರಿತು. ಓದು ಮುಗಿಯುವ ಮೊದಲು ಅಸಿನೆಲ್ಲಿ ಗೋಪುರ ಹತ್ತಿದವನು ಜನ್ಮದಲ್ಲಿ ಪಾಸಾಗುವುದಿಲ್ಲ. ಬೊಲೋನ್ಯಾದಲ್ಲಿ ಓದಿದ ಯಾರನ್ನು ಬೇಕಾದರೂ ಕೇಳಿ. ಇಪ್ಪತ್ತರ ವಯಸ್ಸಿನಲ್ಲಿ ಒಬ್ಬ ಹುಡುಗಿಯ ಹಿಂದೆ ಹೋಗಿ ನೆರಿಯೊ ಅದನ್ನು ಅರ್ಧ ಹತ್ತಿದ್ದ. ಅರ್ಧಕ್ಕೇ ಮೂವತ್ತು ವರ್ಷ ಹಿಡಿದಿತ್ತು.

"ಶುಕ್ರವಾರ ಮಧ್ಯಾಹ್ನ ಹತ್ತೋಣ," ಎಂದ ಕೆಮ್ಮುತ್ತಾ.

"ಶುಕ್ರವಾರ ಮಳೆಯಂತೆ."

"ನನ್ನ ಮಂಡಿ ನೋವು..."

"ಮೊನ್ನೆ ನನ್ನ ಬೆಕ್ಕು ಇಳಿಸೋಕೆ ಚಾವಣಿ ಹತ್ತಿದ್ರಲ್ಲ?" ಎಂದಳು ದಿರ್ಚೆ ಅತ್ತೆ.

ಲೋರಿಸ್ ನಕ್ಕ. "ಗೋಪುರಕ್ಕೆ ಹೆದರಬೇಕಾದೋರು ಪಾಸಾಗದೇ ಇರೋರು. ನಿಮಗೇನು ದೊತ್ತೋರೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ ನೆರಿಯೊ ತಟ್ಟನೆ, "ನಂಗೇನು ಭಯ? ನಂಗ್ಯಾಕೆ ಭಯ?" ಎಂದು ಎರಡೆರಡು ಸಲ ಕೂಗಿ, ಟೋಪಿ ಮರೆತು ಕಚೇರಿಗೆ ಓಡಿದ. ಹತ್ತದಿದ್ದರೆ ಗುಟ್ಟು ರಟ್ಟು, ಹತ್ತಿದರೆ ಡಿಗ್ರಿ ಖೋತಾ. ಆ ದಿನ ಅವನು ಒಬ್ಬರ ಮದುವೆ ಅರ್ಜಿಯನ್ನು ಮರಣದ ಕಡತಕ್ಕೆ ಸೇರಿಸಿಬಿಟ್ಟ.

ಸಂಜೆ ಮತ್ತೆ ಎಲ್ಲರೂ ಎರ್ಮೆಸ್‌ನ ಅಂಗಡಿಯಲ್ಲಿ ಸೇರಿದರು. ವೈನಿನ ಲೋಟಗಳ ನಡುವೆ ವಾನ್ನಾ ಎರ್ಮೆಸ್‌ನದೂ ಸೇರಿ ಐದು ಟಿಕೆಟ್ ಹರಡಿದಳು. "ಗುರುವಾರ ಸಂಜೆಯ ಗೋಪುರ. ದುಡ್ಡು ವಾಪಸ್ ಕೊಡಲ್ವಂತೆ, ಹತ್ತಲೇಬೇಕು. ಶುಕ್ರವಾರ ಬೆಳಿಗ್ಗೆ ಎಲ್ಲರೂ ಬೆಟ್ಟದ ಮೇಲಿನ ಇಗರ್ಜಿಗೆ ನಡ್ಕೊಂಡು ಹೋಗೋದು."

"ಶುಕ್ರವಾರ ಬೆಳಿಗ್ಗೆ ನಂಗಾಗಲ್ಲ."

"ಯಾಕೆ?"

"ಆಗಲ್ಲ ಅಂದ್ರೆ ಆಗಲ್ಲ! ಗೋಪುರಾನೂ ಹತ್ತಲ್ಲ!" ನೆರಿಯೊ ಮೇಜು ಗುದ್ದಿದ. "ನಾನು ದೊತ್ತೋರೆ ಅಲ್ಲ! ಆಯ್ತಾ? ಮೂವತ್ತು ವರ್ಷದಿಂದ ನಿಮಗೆಲ್ಲ ಮೋಸ ಮಾಡ್ತಿದೀನಿ. ಶುಕ್ರವಾರ ಪಾಸಾದ್ರೆ ದೊತ್ತೋರೆ. ಆಗದಿದ್ರೆ ಮುಖ ತೋರಿಸದೆ ಎಲ್ಲಾದ್ರೂ ಹೋಗ್ತೀನಿ!"

ಎರ್ಮೆಸ್ ಲೋಟ ಒರೆಸುವುದನ್ನು ನಿಲ್ಲಿಸಲಿಲ್ಲ. "ಗೊತ್ತಲ್ಲ," ಎಂದ.

"ಏನು ಗೊತ್ತು?"

"ನೀವು ಪಾಸಾಗಿಲ್ಲ ಅಂತ. ನಮ್ಮ ಚಿಕ್ಕಮ್ಮನ ಮಗ ನಿಮ್ಮ ಕ್ಲಾಸಲ್ಲೇ ಇದ್ದ."

"ಊರಿಗೆಲ್ಲ ಗೊತ್ತು," ಎಂದಳು ದಿರ್ಚೆ ಅತ್ತೆ. "ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಕಾಣಲ್ವಾ?"

"ಮತ್ತೆ ದೊತ್ತೋರೆ ಅಂತ ಯಾಕೆ ಕರೀತಿದ್ರಿ?"

"ಕನ್ನಡಕ, ಕೊಡೆ, ಆ ಗತ್ತು! ನೋಡಿದ್ರೆ ಬೇರೆ ಏನಂತ ಕರೆಯೋಕೂ ಬಾಯಿ ಬರ್ತಿರಲಿಲ್ಲ," ಎಂದ ಲೋರಿಸ್.

ವಾನ್ನಾ ಗಂಡನ ಕೈ ಹಿಡಿದುಕೊಂಡಳು. "ನಾಲ್ಕು ವರ್ಷ ಮೀನು ಹಿಡಿಯೋಕೆ ಹೋಗಿ ಒಂದು ಮೀನೂ ತರದೇ ಇದ್ರೆ ನಾನೇನು ದಡ್ಡೀನಾ? ನಿನ್ನ ಬಾಯಿಂದಲೇ ಬರಲಿ ಅಂತ ಇವರನ್ನೆಲ್ಲ ಸೇರಿಸ್ಕೊಂಡು ಈ ಗೋಪುರದ ಆಟ ಕಟ್ಟಿದೆ. ಈ ವಯಸ್ಸಲ್ಲಿ ಕೂತು ಓದಿದೆಯಲ್ಲೋ, ನಿನ್ನಂಥ ಗಂಡಸು ಇನ್ನೊಬ್ಬ ಎಲ್ಲಿದಾನೆ?" ನೆರಿಯೊ ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತ. ಎರ್ಮೆಸ್ ಲೋಟಗಳನ್ನು ತುಂಬಿದ.

ಶುಕ್ರವಾರ ಅವನು ಪಾಸಾದ. ಅಂತಿಂಥ ಪಾಸಲ್ಲ, ಪಂಡಿತರು ಎದ್ದು ಕೈಕುಲುಕಿದರು. ಅಲ್ಲಿನ ಪದ್ಧತಿಯಂತೆ ಅವನ ತಲೆಗೆ ಲಾರೆಲ್ ಎಲೆಯ ಕಿರೀಟ ತೊಡಿಸಿ ಐವರೂ ಜಗಲಿಯುದ್ದಕ್ಕೂ ಕೂಗಾಡಿಕೊಂಡು ಹೋದರು. ಹುಡುಗ ಹುಡುಗಿಯರು ದಾರಿ ಬಿಟ್ಟು ಚಪ್ಪಾಳೆ ಹೊಡೆದರು. ಮಧ್ಯಾಹ್ನ ಹೊಸ ಟಿಕೆಟ್ ಕೊಂಡು ಗೋಪುರ ಹತ್ತಿ, ಮಳೆಯಲ್ಲಿ ನೆನೆದ ಕೆಂಪು ಹೆಂಚಿನ ಊರನ್ನು ನೆರಿಯೊ ಕಣ್ತುಂಬ ನೋಡಿದ. ಇನ್ನೇನೂ ಬೇಡ ಅನ್ನಿಸಿತು ಅವನಿಗೆ.

ಸೋಮವಾರ ಬೆಳಿಗ್ಗೆ ಎದೆಯುಬ್ಬಿಸಿಕೊಂಡು ಕಾಫಿಗೆ ಬಂದ. ದಿರ್ಚೆ ಅತ್ತೆ ಮೂಲೆಯಲ್ಲಿ ಕೂತಿದ್ದಳು.

"ಅತ್ತೆ, ಆ ನದಿ ಪಟ್ಟಿಯ ವಿಷಯ ಈಗ ಹೇಳಿ. ಕಾನೂನು ಪ್ರಕಾರ ಪೂರ್ತಿ ಬಿಡಿಸಿ ಹೇಳ್ತೀನಿ."

"ಬೇಡಪ್ಪಾ ನೆರಿಯೊ," ಎಂದಳು ಅವಳು, ಅಕ್ಕರೆಯಿಂದಲೇ. "ನೀನು ಪಾಸಾಗಿ ಇನ್ನೂ ಮೂರು ದಿನ. ನಂದು ಜಮೀನಿನ ವಿಷಯ, ಹುಡುಗಾಟ ಅಲ್ಲ. ಸ್ವಲ್ಪ ಅನುಭವ ಆಗಲಿ."

"ಇಷ್ಟು ವರ್ಷ ನನ್ನನ್ನೇ ಕೇಳ್ತಿದ್ರಲ್ಲ!"

"ಆಗ ನೀವು ಹಳಬರು. ಈಗ ನೀನು ಹೊಸಬ."

ನೆರಿಯೊ ಇಂಗು ತಿಂದ ಮಂಗನ ಹಾಗೆ ನಿಂತ. "ಮತ್ತೆ ಯಾರನ್ನ ಕೇಳ್ತೀರಿ?"

"ನಿನ್ನ ಪಕ್ಕ ಕೂತು ಇಪ್ಪತ್ತು ವರ್ಷ ಎಲ್ಲಾ ಕೇಳಿಸ್ಕೊಂಡಿರೋರು ಇದಾರಲ್ಲ."

ಅಷ್ಟರಲ್ಲಿ ಎರ್ಮೆಸ್ ಬಿಸಿ ಕಾಫಿ ಹಿಡಿದು, "ದೊತ್ತೋರೆ, ತಗೊಳ್ಳಿ!" ಎಂದ. ನೆರಿಯೊ ಕೈ ಚಾಚಿದ. ಕಾಫಿ ಅವನನ್ನು ದಾಟಿಕೊಂಡು ಹೋಗಿ, ಹೊಸ ಕನ್ನಡಕ ಹಾಕಿಕೊಂಡು ಒಳಗೆ ಬರುತ್ತಿದ್ದ ಲೋರಿಸ್‌ನ ಕೈ ಸೇರಿತು.