ಎಲ್ಲರೂ ಗುಣವಾದ ಗುರುವಾರ

ಅಂದಿನ ರಾದ್ಧಾಂತಕ್ಕೆಲ್ಲ ಕಾರಣ ಔಸೇಪ್ಪಚ್ಚನ್ ನಿಜ ಹೇಳಿದ್ದು.

ಆಲಪ್ಪುಳದ ಹಿನ್ನೀರಿನ ಆ ಊರಲ್ಲಿ ಒಂದು ವರ್ಷದಿಂದ ಪ್ರತಿ ಗುರುವಾರ ಜನ ವಾಚನಾಲಯದ ಜಗಲಿಯಲ್ಲಿ ಕೂಟ ಸೇರಿ ಮನಸ್ಸಿನ ಭಾರ ಹೇಳಿಕೊಳ್ಳುತ್ತಿದ್ದರು. ಅದರಿಂದ ಯಾರಿಗಾದರೂ ಉಪಯೋಗವಾಯಿತೇ ಎಂದು ಅಂಕ ಹಾಕಿ ಅಳೆದು ಬರಲು, ಕೂಟದ ಖರ್ಚು ನೋಡಿಕೊಳ್ಳುವ ಸಂಸ್ಥೆಯವರು ಸತ್ಯಶೀಲನನ್ನು ಕಳಿಸಿದ್ದರು.

"ನಿದ್ದೆ ಚೆನ್ನಾಗಿ ಬರುತ್ತಾ?" ಎಂದು ಅವನು ಕೇಳಿದ.

"ಎಲ್ಲಿಯ ನಿದ್ದೆ ಸಾರ್," ಎಂದ ದೋಣಿಯ ಔಸೇಪ್ಪಚ್ಚನ್. "ಮೂರು ವರ್ಷದ ಹಿಂದೆ ಹೆಂಡ್ತಿ ತೀರ್ಕೊಂಡ್ಮೇಲೆ ಅರ್ಧ ಹಾಸಿಗೆ ಖಾಲಿ. ಆ ಕಡೆ ಹೊರಳೋಕೂ ಧೈರ್ಯ ಬರಲ್ಲ."

ಸತ್ಯಶೀಲನ್ ಗಾಬರಿಯಾದ. ಹೋದ ವರ್ಷ ಕೂಟ ಶುರುವಾಗುವ ಮೊದಲು ಇದೇ ಪ್ರಶ್ನೆಗೆ ಈ ಮನುಷ್ಯ, "ಕುಂಭಕರ್ಣನ ಹಾಗೆ ಮಲಗ್ತೀನಿ" ಎಂದಿದ್ದ.

ಅಷ್ಟರಲ್ಲಿ ಮರಿಯಕ್ಕುಟ್ಟಿ ಮುಂದೆ ಬಂದಳು. "ನಂಗೂ ಅಳು ಬರುತ್ತೆ, ಬರ್ಕೊಳ್ಳಿ. ಈರುಳ್ಳಿ ಹೆಚ್ಚುವಾಗಿಂದು ಲೆಕ್ಕಕ್ಕಿಲ್ಲ."

"ಮೊನ್ನೆ ಬಸ್‌ನಲ್ಲಿ ಅತ್ತಿದ್ದು ಬಿಟ್ಬಿಟ್ಯಲ್ಲೇ!" ಎಂದು ಪಕ್ಕದ ಮನೆಯವಳು ನೆನಪಿಸಿದಳು.

ಮಧ್ಯಾಹ್ನದ ಹೊತ್ತಿಗೆ ಊರಿನ ದುಃಖವೆಲ್ಲ ನೀರು ಹೊರಹಾಕುವ ಪಂಪು ಕೆಟ್ಟಾಗ ತಗ್ಗಿನ ಗದ್ದೆಗೆ ಹಿನ್ನೀರು ನುಗ್ಗಿದ ಹಾಗೆ ಸತ್ಯಶೀಲನ ಮೇಲೆ ನುಗ್ಗಿತ್ತು. ಹೋದ ವರ್ಷ ಎಲ್ಲರೂ ಸುಖಿಗಳು, ಈ ವರ್ಷ ಒಬ್ಬರೂ ಇಲ್ಲ! ಅವನಿಗೆ ಅರ್ಥವಾಗದೆ ಇರಲಿಲ್ಲ. ಆಗ ಮುಚ್ಚಿಟ್ಟುಕೊಂಡಿದ್ದನ್ನು ಈಗ ಬಾಯಿಬಿಟ್ಟು ಹೇಳಲು ಕಲಿತಿದ್ದಾರೆ, ಅಷ್ಟೆ. ಆದರೆ ಫೋನಿನಲ್ಲಿ ಸಂಸ್ಥೆಯ ಮುಖ್ಯಸ್ಥೆ ಮೇಡಂಗೆ ಅದು ಅರ್ಥವಾಗಲಿಲ್ಲ. "ಅಂಕ ಇಳಿದ್ರೆ ಕೂಟ ಮುಚ್ಚೋದೇ," ಎಂದುಬಿಟ್ಟರು.

ಕೂಟ ನಡೆಸುತ್ತಿದ್ದವಳು ಭಾರ್ಗವಿ, ನಿವೃತ್ತ ನರ್ಸು. ಸತ್ಯಶೀಲನ್ ಅವಳ ಮುಂದೆ ಕೈಮುಗಿದ. "ಚೇಚಿ, ಅಕ್ಕಾ, ಇನ್ನೊಂದ್ಸಲ ಕೇಳ್ತೀನಿ. ಚೆನ್ನಾಗಿದ್ದೀವಿ ಅನ್ನೋಕೆ ಹೇಳಿ."

"ಇವರ ಬಾಯಿ ಬಿಡಿಸೋಕೆ ನಂಗೆ ಒಂದು ವರ್ಷ ಬೇಕಾಯ್ತು. ಮುಚ್ಚಿಸೋಕೆ ಒಂದು ಮಧ್ಯಾಹ್ನ ಸಾಕಾ ಮಗನೇ?" ಎಂದಳು ಅವಳು. ಆದರೂ ಕೂಟ ಉಳಿಯಲಿ ಎಂದು ಒಪ್ಪಿಕೊಂಡಳು.

ಎಲ್ಲರೂ ಹೇಳಿದಂತೆ ಕೇಳಿದರು. ಮರಿಯಕ್ಕುಟ್ಟಿ ಎಷ್ಟು ಸುಖಿಯೆಂದರೆ, ಅವಳ ನಗುವಿಗೆ ಕಾಲುವೆಯ ಬಾತುಕೋಳಿಗಳು ಆಚೆ ದಡಕ್ಕೆ ಓಡಿದವು. ಔಸೇಪ್ಪಚ್ಚನ್ ಮಾತ್ರ ನೆಲ ನೋಡುತ್ತ, "ನಿದ್ದೆ ಬರುತ್ತೆ ಸಾರ್" ಎಂದ. ಅವನ ಮುಖ ನೋಡಬಾರದೆಂದು ಸತ್ಯಶೀಲನ್ ಬೇಗಬೇಗ ಬರೆದುಕೊಂಡ.

ಸಂಜೆ ಮೇಡಂ ಹಿಗ್ಗಿಹೋದರು. "ಎಲ್ರೂ ಗುಣ! ಇಂಥ ಗೆಲುವು ನಾನು ಕಂಡೇ ಇಲ್ಲ!"

"ಹಾಗಾದ್ರೆ ಕೂಟ ಮುಂದುವರಿಯುತ್ತಲ್ವಾ?"

"ಗುಣವಾದವರಿಗೆ ಮದ್ದು ಯಾಕ್ರೀ? ಇವತ್ತಿಗೇ ಮುಗಿಸಿ. ಪಕ್ಕದ ಪಂಚಾಯತಿಯಲ್ಲಿ ಶುರು ಮಾಡೋಣ."

"ಮೇಡಂ, ಅದು... ಅವರು ಹೇಳಿದ್ದು..."

"ಯಾಕೆ, ಸುಳ್ಳು ಬರೆದಿದ್ದೀರಾ?"

ಹೌದು ಎನ್ನಲು ಒಂದೇ ಉಸಿರು ಸಾಕಿತ್ತು. ಸತ್ಯಶೀಲನ್ ಆ ಉಸಿರನ್ನು ನುಂಗಿಕೊಂಡ. "ಇಲ್ಲ ಮೇಡಂ."

ಭಾರ್ಗವಿಗೆ ಮುಖ ತೋರಿಸಲಾಗದೆ ಅವನು ನೇರ ಕಡವಿಗೆ ಬಂದು ದೋಣಿ ಹತ್ತಿದ. ನಡುನೀರಿನಲ್ಲಿ ಔಸೇಪ್ಪಚ್ಚನ್ ಹುಟ್ಟು ಹಾಕುವುದನ್ನು ನಿಲ್ಲಿಸಿದ.

"ಸಾರ್, ಮಧ್ಯಾಹ್ನ ಸುಳ್ಳು ಹೇಳ್ಬಿಟ್ಟೆ ನೋಡಿ. ಸತ್ತವಳಿಗೆ ಮೋಸ ಮಾಡಿದ ಹಾಗಾಗಿದೆ."

ಸತ್ಯಶೀಲನ್ ಬರೆದ ಹಾಳೆಗಳನ್ನು ಚೀಲದ ತಳಕ್ಕೆ ತುರುಕಿದ.

"ನೀವು ಬೇಜಾರು ಮಾಡ್ಕೋಬೇಡಿ," ಎಂದು ಔಸೇಪ್ಪಚ್ಚನ್ ಅವನನ್ನೇ ಸಮಾಧಾನ ಮಾಡಿದ. "ಬರೋ ಗುರುವಾರ ಕೂಟದಲ್ಲಿ ಎಲ್ಲಾ ಹೇಳ್ಕೊಂಡು ಹಗುರ ಆಗ್ತೀನಿ."