ಕರೆಮ್ಮನ ಕೊನೆಯ ಗುಟುಕು

ಒಂದೇ ಒಂದು ‘ಹೂಂ’ ಅಂದಿದ್ದಕ್ಕೆ ಮಹಾಂತೇಶನಿಗೆ ಆ ದಿನ ಅಷ್ಟೆಲ್ಲ ಆಯಿತು. ಅದೂ ಪೂರಾ ಹೂಂ ಅಲ್ಲ. ಗಂಟಲಲ್ಲಿ ಮಿರ್ಚಿಯ ಚೂರು ಇನ್ನೂ ಇಳಿಯದೆ ಇದ್ದುದರಿಂದ ಅರ್ಧವೇ ಹೊರಗೆ ಬಂದಿತ್ತು.

ಆಗಿದ್ದಿಷ್ಟು. ಬುಕ್ಕಸಾಗರದಲ್ಲಿ ಅವನ ತಾಯಿ ಕರೆಮ್ಮ ಹಾಸಿಗೆ ಹಿಡಿದು ಹದಿನೈದು ದಿನವಾಗಿತ್ತು. ಹೊಸಪೇಟೆಯ ಡಾಕ್ಟರು “ಮನೆಗೆ ಕರಕೊಂಡು ಹೋಗಿ, ಏನು ಕೇಳ್ತಾರೋ ತಿನ್ನಿಸಿ” ಅಂದುಬಿಟ್ಟಿದ್ದರು. ಡಾಕ್ಟರು ಹಾಗಂದರೆ ಏನರ್ಥ ಅಂತ ನಮ್ಮ ಕಡೆ ಎಮ್ಮೆ ಕಾಯುವವನಿಗೂ ಗೊತ್ತು. ವಡ್ಡು ಎಂಬ ಊರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ ಮಾಡುವ ಮಹಾಂತೇಶ ರಜೆ ಹಾಕಿ ಬಂದು ತಾಯಿಯ ಹಾಸಿಗೆಯ ಪಕ್ಕದಲ್ಲೇ ಕೂತಿದ್ದ. ಹೆಂಡತಿ ಹಸಿ ಬಾಣಂತಿ, ಸಂಡೂರಿನ ತವರಿನಲ್ಲಿದ್ದಳು. ಕೈಗೆ ಒದಗಿದವಳು ಪಕ್ಕದ ಮನೆಯ ನಿಂಗಕ್ಕ. ಅವಳೂ ಕರೆಮ್ಮನೂ ನಲವತ್ತು ವರ್ಷ ಒಂದೇ ಸಾಲಿನಲ್ಲಿ ಬಗ್ಗಿ ಭತ್ತದ ಸಸಿ ನೆಟ್ಟವರು.

ನಮ್ಮ ಕಡೆ ಸಾಯುವವರ ಬಾಯಿಗೆ ಮಗ ನೀರು ಬಿಡಬೇಕು. ಮಗನ ಕೈಯಿಂದ ಒಂದು ಗುಟುಕು ಇಳಿದರೆ ಜೀವ ಹಗುರವಾಗಿ ಹೋಗುತ್ತದಂತೆ. ಇಳಿಯದಿದ್ದರೆ ಮಗ ಬದುಕಿರುವಷ್ಟು ದಿನವೂ ಊರು ಅವನಿಗೆ ನೀರು ಕುಡಿಸುತ್ತದೆ. ಅದಕ್ಕೇ ಮಹಾಂತೇಶ ಹದಿನಾಲ್ಕು ದಿನ ಬಯಲಕಡೆಗೆ ಹೋದರೂ ಓಡುತ್ತ ಹೋಗಿ ಓಡುತ್ತ ಬಂದಿದ್ದ. ಹದಿನೈದನೆಯ ದಿನ ಬೆಳಿಗ್ಗೆ ಕರೆಮ್ಮ ಎರಡು ಚಮಚ ಗಂಜಿ ಕುಡಿದಳು. ಮುಖದಲ್ಲಿ ಕಳೆಯೂ ಕಾಣಿಸಿತು.

“ಹೋಗಪಾ, ಒಂದು ಚಾ ಕುಡುದು ಬಾ. ನಿನ್ನ ಮಾರಿ ನೋಡಿದ್ರ ಆಕಿಗಿಂತ ಮೊದಲ ನೀನ ಹೋಗಾಂಗ ಆಗೀದಿ” ಅಂದಳು ನಿಂಗಕ್ಕ.

ಎರ್ರಿಯಪ್ಪನ ಹೋಟೆಲು ಓಣಿಯ ತುದಿಗೇ ಇತ್ತು. ಆಗಷ್ಟೇ ಎಣ್ಣೆಯಿಂದ ಮಿರ್ಚಿ ತೆಗೆಯುತ್ತಿದ್ದ. ಮಂಡಕ್ಕಿ ಒಗ್ಗರಣೆ ಹಬೆಯಾಡುತ್ತಿತ್ತು. ಹದಿನಾಲ್ಕು ದಿನ ಗಂಜಿಯಲ್ಲೇ ಕಳೆದ ಹೊಟ್ಟೆ, ಪಾಪ, ಕೇಳೀತೆ? ಒಂದು ಪ್ಲೇಟು ತಿಂದ. ಅದನ್ನು ದೇವರೂ ಕ್ಷಮಿಸುತ್ತಿದ್ದ. ಆದರೆ ಇನ್ನೊಂದು ಪ್ಲೇಟು ಹೇಳಿದ.

ತಿರುಗಿ ಬಂದಾಗ ನಿಂಗಕ್ಕ ಕರೆಮ್ಮನ ಕಣ್ಣು ಮುಚ್ಚುತ್ತಿದ್ದಳು. “ಹ್ವಾದ್ಳು” ಅಂದಳು, ಅಷ್ಟೇ. ಮಹಾಂತೇಶ ಹಾಸಿಗೆಯ ಪಕ್ಕ ಕೂತು ತಾಯಿಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಗೊಳೋ ಎಂದ. ಆ ಸದ್ದಿಗೆ ಬಾಗಿಲು ತುಂಬ ಜನ. ಎಲ್ಲರ ಮುಂದೆ ಪಾಲಯ್ಯ. ಊರಿನ ಶಾಮಿಯಾನ, ಕುರ್ಚಿ, ಮೈಕ್ ಸೆಟ್ಟಿನ ಮಾಲೀಕ. ಅವನ ಬಾಯಿಗೂ ಅವನ ಮೈಕಿಗೂ ಇರುವ ವ್ಯತ್ಯಾಸವೆಂದರೆ ಮೈಕಿಗೆ ಕರೆಂಟು ಬೇಕು.

“ಜೀವ ಹೋಗಾಗ ನೀ ಇದ್ಯಲ್ಲಪಾ? ನೀರು ಬಿಟ್ಯಲ್ಲ?”

“ಹೂಂ” ಅಂದ ಮಹಾಂತೇಶ.

ನಿಂಗಕ್ಕ ಒಂದು ಸಲ ಅವನ ಮುಖ ನೋಡಿದಳು. ದೀಪ ಹಚ್ಚಲು ಒಳಗೆ ಹೋದಳು.

ಪಾಲಯ್ಯ ಹತ್ತೇ ನಿಮಿಷದಲ್ಲಿ ಆಟೋಗೆ ಮೈಕು ಕಟ್ಟಿ ಊರು ಸುತ್ತಿಸಿದ. “ಕರೆಮ್ಮನವರು ಮಗನ ತೊಡಿ ಮ್ಯಾಲೆ ತಲಿ ಇಟ್ಟು, ಮಗನ ಕೈಲೆ ನೀರು ಕುಡುದು ಶಿವನ ಪಾದ ಸೇರ್ಯಾರ!” ಎಂಟು ಗಂಟೆಗೆ ಅದು ಎಲ್ಲರ ಫೋನಿನ ಸ್ಟೇಟಸ್ಸಿನಲ್ಲಿತ್ತು. ಒಂಬತ್ತಕ್ಕೆ ಆ ಸುದ್ದಿಯಲ್ಲಿ ಕರೆಮ್ಮ “ಚೆಂದಾಗಿರಪಾ” ಅಂದು ಮಗನ ತಲೆ ಸವರಿದ್ದಳು. ಸುದ್ದಿ ಕಂಪ್ಲಿ ಮುಟ್ಟುವ ಹೊತ್ತಿಗೆ ಮೂರು ಗುಟುಕು ಕುಡಿದು, ವಿರೂಪಾಕ್ಷನ ಹೆಸರು ಹೇಳಿ, ಮಗನಿಗೆ ಕೈ ಮುಗಿದು ಹೋಗಿದ್ದಳು. ಮನೆ ಮುಂದೆ ಎದ್ದ ಪಾಲಯ್ಯನ ಶಾಮಿಯಾನಕ್ಕೆ ಬಂದ ಮುದುಕರೆಲ್ಲ ತಮ್ಮ ತಮ್ಮ ಮಕ್ಕಳ ಕಿವಿ ಹಿಂಡುವಂತೆ, “ನೋಡಿ ಕಲೀರಲೇ, ಮಗ ಅಂದ್ರ ಇಂವ” ಅಂದರು. ಮಹಾಂತೇಶ ತಲೆ ತಗ್ಗಿಸಿದ. ಅದನ್ನೂ ಜನ ವಿನಯ ಅಂದುಕೊಂಡರು.

ಹತ್ತು ಗಂಟೆಗೆ ಕಂಪ್ಲಿಯಿಂದ ಅಕ್ಕ ಚಂದ್ರಕಲಾ ಬಂದಳು. ತಾಯಿಯ ಮೇಲೆ ಬಿದ್ದು ಅತ್ತು, ಆಮೇಲೆ ತಮ್ಮನ ಬಲಗೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

“ನಾ ಪಾಪಿ, ಬರ್ತೀನಿ ಬರ್ತೀನಿ ಅಂತ ಬರಲಿಲ್ಲ. ನೀನರೆ ಇದ್ಯಲ್ಲೋ. ನೀನೂ ಇರದ ಹೋಗಿದ್ರ, ಅವ್ವನಾಣಿ, ಸಾಯೋತನಕ ನಿನ್ನ ಮಾರಿ ನೋಡ್ತಿರಲಿಲ್ಲ ನಾನು.”

ಆ ಕೈ ಇನ್ನೂ ಮಿರ್ಚಿ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಮಹಾಂತೇಶ ಮೆಲ್ಲಗೆ ಕೈ ಬಿಡಿಸಿಕೊಂಡ. ಹುಟ್ಟಿದ ಮನೆಯವರು ಅಂತ ಅಕ್ಕ ಬಿಟ್ಟರೆ ಅವನಿಗೆ ಇನ್ನು ಯಾರಿದ್ದರು?

ಆಗ ಪಾಲಯ್ಯ ಕೂಗಿದ. “ನಿಂಗಕ್ಕನ ಮುಂದ ಕುಂದ್ರಸ್ರಿ! ಹಾಡಿ ಅಳಾಕ ಆಕಿಗೆ ಜಾಗ ಬಿಡ್ರಿ!”

ಇಲ್ಲಿ ನಿಂಗಕ್ಕನ ವಿಷಯ ಹೇಳಲೇಬೇಕು. ಸತ್ತವರ ಮುಂದೆ ಹಾಡಿಕೊಂಡು ಅಳುವ ಹೆಂಗಸರು ಊರೂರಲ್ಲಿ ಇದ್ದಾರೆ. ಹುಟ್ಟಿನಿಂದ ಸಾವಿನ ತನಕ ಬದುಕನ್ನೆಲ್ಲ ಅಳುತ್ತಲೇ ಹೇಳುತ್ತಾರೆ. ಬೇರೆಯವರು ಹೊಗಳಿ ಹಾಡುತ್ತಾರೆ, ನಿಂಗಕ್ಕ ಇದ್ದದ್ದನ್ನು ಹಾಡುತ್ತಾಳೆ. ಕೆಟ್ಟತನದಿಂದಲ್ಲ. ಅಳು ಶುರುವಾದರೆ ಅವಳ ಬಾಯಿಗೆ ಸುಳ್ಳು ಬರುವುದಿಲ್ಲ. ಹುಲುಗಪ್ಪ ಸತ್ತಾಗ “ಗಡಿಕಲ್ಲು ಸರಿಸಿದ ಕೈ ಇವತ್ತು ತಣ್ಣಗಾತಲ್ಲೋ” ಅಂತ ಹಾಡಿದಳು. ಮರುದಿನವೇ ಅವನ ಮಕ್ಕಳು ಕಲ್ಲನ್ನು ಮೊದಲಿನ ಜಾಗಕ್ಕೆ ಇಟ್ಟು ಬಂದರು. ಅತ್ತೆಗೆ ಹಾಲಿಗೆ ನೀರು ಬೆರೆಸಿ ಕೊಟ್ಟ ಸೊಸೆಯೊಬ್ಬಳು ನಿಂಗಕ್ಕನ ಹಾಡು ಮುಗಿಯುವ ಮುಂಚೆಯೇ ತವರಿನ ಬಸ್ಸು ಹತ್ತಿದ್ದಳು. ನಿಂಗಕ್ಕ ಹಾಡಿದ್ದು ನಿಜ. ಊರಲ್ಲಿ ಇದಕ್ಕೆ ಎರಡನೇ ಮಾತಿಲ್ಲ.

ಮತ್ತು ಆ ದಿನ ಬೆಳಿಗ್ಗೆ ಕರೆಮ್ಮನ ಬಳಿ ಇದ್ದವಳು ಅವಳೊಬ್ಬಳೇ.

ಮಹಾಂತೇಶ ನಿಂಗಕ್ಕನ ಕಿವಿಯ ಬಳಿ ಬಂದ. “ಅಕ್ಕಾ, ನಿನಗ ಬಿಪಿ ಐತಿ. ಮನಿಗೆ ಹೋಗಿ ಒಂದು ಗಳಿಗಿ ಮಕ್ಕೋ.”

“ಬಿಪಿ ನನಗೈತಿ, ಬೆವರು ನಿನಗ್ಯಾಕ ಬಂದೈತಿ?”

“ಹಂಗಲ್ಲ, ಹಾಡೋದು ಬ್ಯಾಡ ಅಂತ. ನಮ್ಮವ್ವಗ ಗದ್ದಲ ಸೇರ್ತಿರಲಿಲ್ಲ.”

“ನಿಮ್ಮವ್ವಗ? ಗದ್ದಿಯಾಗ ಆಕಿ ಬಾಯಿಗೆ ಹೊಳಿ ಆಚೆಗಿನ ಕೊಕ್ಕರೆ ಹಾರ್ತಿದ್ವು” ಅಂದಳು ನಿಂಗಕ್ಕ. “ಸರಿ ಅತ್ಲಾಗ. ಕರೆಮ್ಮಗ ನಾ ಹಾಡದ ಇನ್ಯಾರು ಹಾಡ್ತಾರ?”

ಮಹಾಂತೇಶ ಭಜನೆಯವರನ್ನು ಕರೆಸಿದ. ಅವರು ನಾಲ್ಕು ಪದ ಹೇಳಿ ಚಹಾ ಕೇಳಿದರು. ಚಹಾ ಕುಡಿದು ಬೀಡಿಗೆ ಹೊರಗೆ ಹೋದರು. ಬಿಸಿಲು ಏರುತ್ತದೆ, ಮಣ್ಣು ಜಲ್ದಿ ಮಾಡೋಣ ಅಂದ. “ಬೀಗರು ಬರೋದ್ರೊಳಗ ಹೆಣ ಎತ್ತಿದ್ರ ನಾಲಿಗಿ ಎತ್ತತಾರ” ಅಂದ ಪಾಲಯ್ಯ. ಅಷ್ಟಕ್ಕೇ ಬಿಡದೆ ಮೈಕಿನ ಸ್ಟ್ಯಾಂಡು ತಂದು ನಿಂಗಕ್ಕನ ಬಾಯಿಗೆ ಸರಿಯಾಗಿ ನಿಲ್ಲಿಸಿ, “ಹಲೋ ಹಲೋ” ಅಂತ ಊದಿ ನೋಡಿದ. ದೂರದ ನೆಂಟರು ನೋಡಲಿ ಅಂತ ಯಾರೋ ಫೋನಿನಲ್ಲಿ ವಿಡಿಯೋ ಬೇರೆ ಹಿಡಿದರು.

ಮಹಾಂತೇಶನಿಗೆ ಬೇರೆ ದಾರಿ ತೋಚಲಿಲ್ಲ. ಗೋಡೆಯ ಹತ್ತಿರ ಸರಿದು, ಯಾರಿಗೂ ಕಾಣದ ಹಾಗೆ ಪ್ಲಗ್ಗು ಕಿತ್ತ. ಮೈಕು ಸತ್ತಿತು. ಅದರ ಜೊತೆ ದೊಡ್ಡ ಫ್ಯಾನುಗಳೂ, ಮೂಲೆಯಲ್ಲಿ ಶಿವನ ಪದ ಹಾಡುತ್ತಿದ್ದ ಡಬ್ಬಿಯೂ ಸತ್ತವು. ಗುಂಯ್ಗುಡುತ್ತಿದ್ದ ಶಾಮಿಯಾನದ ತುಂಬ ಮೌನ ಹರಡಿತು. ಅಂಥ ಮೌನದಲ್ಲಿ ನಿಂಗಕ್ಕನ ದನಿ ಎದ್ದರೆ, ಮೈಕು ಯಾಕೆ ಬೇಕು, ಊರಬಾಗಿಲ ಅಗಸಿಯ ಆಚೆ ನಿಂತವರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು.

“ಯವ್ವಾ ಕರೆವ್ವಾ… ವಡ್ಡಿನ ಮನಿಮಗಳೇ… ಹದಿಮೂರಕ್ಕ ತಲಿ ಮ್ಯಾಲೆ ಅದಿರಿನ ಪುಟ್ಟಿ ಹೊತ್ಯವ್ವಾ… ಸಂಡೂರು ಗುಡ್ಡದ ಕೆಂಪು ಧೂಳು ನಿನ್ನ ಮದುವಿ ಸೀರಿಗೂ ಹತ್ತಿತ್ತವ್ವಾ…”

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

“ಮಂದಿ ಗದ್ದಿಗೆಲ್ಲ ಸಸಿ ಹಚ್ಚಿದಿ… ನಿನಗೊಂದು ಅಂಗೈಯಗಲ ಗದ್ದಿ ಇಲ್ಲಲ್ಲವ್ವಾ… ಗಂಡನ್ನ ಹೊಳಿ ತಗೊಂಡಾಗ ಎರಡು ಮಕ್ಕಳ ಹಸದ ಹೊಟ್ಟಿ ಮ್ಯಾಲೆ ಕೈ ಇಟಗೊಂಡು ಮಕ್ಕೊಂಡ್ಯವ್ವಾ… ಪಾಲಯ್ಯನ ತಾಯಿ ಸತ್ತಾಗ ಮೈ ತೊಳದಾಕಿ ನೀನವ್ವಾ… ಮುಂದಿನ ವಾರಕ್ಕ ನಿನ್ನ ಬಾಗಲಾಚೆ ನಿಂದ್ರಿಸಿ ಚಾ ಕೊಟ್ರವ್ವಾ…”

ಪಾಲಯ್ಯ ಮೈಕಿನ ವಯರು ನೋಡಲು ಹೊರಟುಹೋದ.

“ದೀಪಾವಳಿಗೆ ಬರ್ತೀನಿ ಅಂದ ಮಗಳಿಗೆ ಕರ್ಚಿಕಾಯಿ ಕರದಿಟ್ಟಿ… ಮೂರು ದೀಪಾವಳಿ ಕರ್ಚಿಕಾಯಿ ಇರುವಿ ತಿಂದ್ವಲ್ಲವ್ವಾ…”

ಚಂದ್ರಕಲಾ ನೆಲಕ್ಕೆ ಹಣೆ ಬಡಿದುಕೊಂಡಳು. ಮುಂದಿನ ಸರದಿ ಯಾರದು ಅಂತ ಮಹಾಂತೇಶನಿಗೆ ಗೊತ್ತಿತ್ತು. ಓಡಿಹೋಗೋಣವೆಂದರೆ ತಾಯಿಯ ತಲೆಯ ಹತ್ತಿರ ಅವನನ್ನು ಕೂರಿಸಿದ್ದರು.

“ಇವತ್ತು ಮುಂಜಾನೆ… ಬಾಯಿ ಒಣಗಿತ್ತವ್ವಾ… ‘ಮಾಂತೇಶಾ’ ಅಂತ ಕೂಗಿದ್ಯವ್ವಾ…”

ಮಹಾಂತೇಶ ಕಣ್ಣು ಮುಚ್ಚಿಕೊಂಡ.

“ಮಗನ ಕೈ ಹಿಡದಿ… ಮಗನ ಕೈಲೆ ನೀರು ಕುಡದಿ… ನಕ್ಕೊಂತ ಹ್ವಾದ್ಯಲ್ಲವ್ವಾ…”

ಜನರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಬದುಕಿದೆ ಅಂತ ಅವನೂ ಬಿಡಬೇಕಿತ್ತು. ಆದರೆ ಬೆಳಗಿನಿಂದ ಬಿಗಿಹಿಡಿದಿದ್ದ ಅವನ ಎದೆ ಅಲ್ಲಿಗೆ ಒಡೆದೇ ಹೋಯಿತು. ತಾಯಿ ಕೂಗಿದ್ದಳು ಅನ್ನುವುದೇ ಅವನಿಗೆ ಅಲ್ಲಿಯತನಕ ಗೊತ್ತಿರಲಿಲ್ಲ.

“ಸುಳ್ಳು!” ಎದ್ದು ನಿಂತು ಚೀರಿದ. “ನಾ ಇರಲಿಲ್ಲ! ನಮ್ಮವ್ವ ಸಾಯಾಗ ನಾ ಎರ್ರಿಯಪ್ಪನ ಹೋಟ್ಲಾಗ ಮಿರ್ಚಿ ತಿನ್ನಾಕ ಹತ್ತಿದ್ದೆ! ಎರಡು ಪ್ಲೇಟು ತಿಂದೆ! ನಾ ನೀರು ಬಿಟ್ಟಿಲ್ಲ, ನಾ ಏನೂ ಮಾಡಿಲ್ಲ!”

ಎಲ್ಲರೂ ಎರ್ರಿಯಪ್ಪನ ಕಡೆ ತಿರುಗಿದರು. ಎರ್ರಿಯಪ್ಪ ಒಂದು ಗಳಿಗೆ ಯೋಚಿಸಿದ. ಸಾವಿನ ಮನೆಯಲ್ಲಿ ತನ್ನ ಮಿರ್ಚಿಯ ಹೆಸರು ಬಂದರೆ ನಾಳೆ ಯಾರು ತಿಂದಾರು?

“ಇಲ್ರಿ. ಇಂವ ಇವತ್ತು ನನ್ನ ಹೋಟ್ಲು ಕಡೆ ಹಾಯ್ದೇ ಇಲ್ಲ” ಅಂದ.

“ಲೇ ಎರ್ರಿಯಪ್ಪ, ಎಣ್ಣಿ ಕೈ ಮೂಸಿ ನೋಡಲೇ!” ಮಹಾಂತೇಶ ಅಂಗೈ ಚಾಚಿದ.

“ಭಾಳ ದುಃಖ ಆದ್ರ ಹಿಂಗ ಆಗ್ತೈತಿ” ಅಂದ ಪಾಲಯ್ಯ, ಮತ್ತೆ ಧೈರ್ಯ ಬಂದು. “ನಿಂಗಕ್ಕ ಹಾಡಿದ್ದು ಎಂದಾದ್ರೂ ಸುಳ್ಳಾಗೇತೇನು? ಹುಡುಗನ ತಲಿ ಕೆಟ್ಟೈತಿ. ಲಿಂಬಿಹಣ್ಣು ತರ್ರಿ!” ನಾಲ್ಕು ಜನ ಅವನನ್ನು ಅಮುಕಿ ಕೂರಿಸಿ ನೆತ್ತಿಗೂ ಅಂಗೈಗೂ ನಿಂಬೆಹಣ್ಣು ತಿಕ್ಕಿದರು. ಮಿರ್ಚಿಯ ವಾಸನೆಯೂ ಅದರಲ್ಲೇ ಹೋಯಿತು.

ಚಂದ್ರಕಲಾ ಅವನನ್ನು ತಬ್ಬಿಕೊಂಡಳು. “ನಾ ಒಬ್ಬಾಕೀನ ಪಾಪಿ ಆಗಬಾರದು ಅಂತ ನಿನ್ನ ಮ್ಯಾಲೂ ಪಾಪ ಹಾಕ್ಕೊಂತಿಯೇನೋ, ನನ್ನ ಬಂಗಾರದಂಥ ತಮ್ಮಾ!”

ಅಲ್ಲಿಗೆ ಮುಗಿಯಿತು. ಸುಳ್ಳು ಹೇಳಿ ದೊಡ್ಡವನಾಗಿದ್ದ ಮಹಾಂತೇಶ ನಿಜ ಹೇಳಿ ಇನ್ನೂ ದೊಡ್ಡವನಾದ.

ಮೂರು ಗಂಟೆಗೆ ಮಣ್ಣು ಮಾಡಿ ಎಲ್ಲರೂ ಕಾಲುವೆಗೆ ಸ್ನಾನಕ್ಕೆ ಬಂದರು. ಪಾಲಯ್ಯ ಒದ್ದೆ ಪಂಚೆಯಲ್ಲೇ ಹತ್ತಿರ ಬಂದು ದನಿ ತಗ್ಗಿಸಿದ. ಅವನು ದನಿ ತಗ್ಗಿಸಿದ್ದನ್ನು ಊರು ಅದೇ ಮೊದಲು ನೋಡಿದ್ದು.

“ಮಾಂತೇಶಾ, ನಮ್ಮಪ್ಪಂದೂ ಇವತ್ತೋ ನಾಳೆನೋ ಐತಿ. ನಾ ಮೈಕ್ ಕಟ್ಟಾಕ ಊರೂರು ತಿರುಗಾವ, ಆ ಹೊತ್ತಿಗೆ ಎಲ್ಲಿರ್ತೀನೋ. ನಿನ್ನ ಕೈ ಪುಣ್ಯದ ಕೈ. ನಿನ್ನ ದಿನಕಾರ್ಯ ಮುಗಿಸಿಕೊಂಡು ಬಂದು ಮುದುಕನ ಹತ್ರ ಕುಂದ್ರು. ಅಲ್ಲೀತನಕ ಹೆಂಗರೆ ಮಾಡಿ ಜೀವ ಹಿಡಿಸಿರ್ತೀನಿ.”

“ನೀರು ಮಗ ಬಿಡಬೇಕಲ್ಲೋ?”

“ನೀ ಬಿಡು. ಆಮ್ಯಾಲೆ ನಾನ ಬಿಟ್ಟೆ ಅಂತ ಹೇಳಿಕೊಂತೀನಿ” ಅಂದ ಪಾಲಯ್ಯ, ಒಂಚೂರೂ ನಾಚದೆ.

ಮಹಾಂತೇಶನಿಗೆ ಮೈಯೆಲ್ಲ ಉರಿದುಹೋಯಿತು. ಸೀದಾ ನಿಂಗಕ್ಕ ಸೀರೆ ಹಿಂಡುತ್ತಿದ್ದ ಕಲ್ಲಿನ ಹತ್ತಿರ ಹೋದ.

“ಜೀವಮಾನದಾಗ ಸುಳ್ಳು ಹಾಡದಾಕಿ ಇವತ್ತ್ಯಾಕ ಹಾಡಿದಿ? ನನ್ನ ಉಳಸಾಕ? ನನಗೇನೂ ಬ್ಯಾಡ. ಹೋಗಿ ನಿಜ ಹೇಳು ಎಲ್ಲಾರಿಗೂ.”

“ಸುಳ್ಳ? ನಾನ?” ನಿಂಗಕ್ಕ ಸೀರೆಯನ್ನು ಕಲ್ಲಿನ ಮೇಲೆ ಇಟ್ಟಳು. “ಆಕಿಗೆ ಕಣ್ಣು ಮಂಜಾಗಿದ್ವು. ‘ಮಾಂತೇಶಾ, ನೀರು’ ಅಂದ್ಲು. ನಿನ್ನ ಕೂಗಾಕ ಬಾಗಿಲಿಗೆ ಓಡಿದೆ, ಮತ್ತ ಕರದ್ಲು. ತಿರುಗಿ ಬಂದು ನಾನ ಬಿಟ್ಟೆ. ನನ್ನ ಕೈ ಗಟ್ಟಿಯಾಗಿ ಹಿಡಕೊಂಡು ‘ಎಲ್ಲೀ ಹೋಗಬ್ಯಾಡಪಾ’ ಅಂದ್ಲು. ‘ಇಲ್ಲವ್ವ, ಇಲ್ಲೇ ಅದೀನಿ’ ಅಂದೆ. ನಕ್ಕಳು. ಹ್ವಾದ್ಳು. ಹಾಡು ಸತ್ತೋರದು, ಇದ್ದೋರದಲ್ಲ. ಆಕಿ ಏನು ಕಂಡ್ಳೋ ಅದನ್ನ ಹಾಡೀನಿ. ಆಕಿಗೆ ನೀ ಇದ್ದಿ.”

ಮಹಾಂತೇಶ ಕಲ್ಲಿನ ಮೇಲೆ ಕೂತು ಚಿಕ್ಕ ಹುಡುಗನ ಹಾಗೆ ಅತ್ತ. ನಿಂಗಕ್ಕ ಅವನನ್ನು ಅಳಲು ಬಿಟ್ಟಳು.

“ಮತ್ತ ನಾ ಇರಲಿಲ್ಲ ಅನ್ನೋದು?” ಅಂದ ಕೊನೆಗೆ.

“ಅದು ನಿನ್ನ ಹಾಡು. ಅದಕ್ಕ ನೀ ಸಾಯಬೇಕು. ಆವತ್ತು ಬಂದು ಹಾಡ್ತೀನಿ, ಒಂದಕ್ಷರ ಬಿಡಂಗಿಲ್ಲ. ಈಗ ಎದ್ದು ಮೈ ಒರಸಿಕೋ, ಥಂಡಿ ಆಗ್ತೈತಿ.”

ನಿಂಗಕ್ಕನಿಗೆ ಎಪ್ಪತ್ತು ದಾಟಿತ್ತು. ಮಹಾಂತೇಶನಿಗೆ ಇನ್ನೂ ಮೂವತ್ತನಾಲ್ಕು. ಅವಳ ಕೈಯಿಂದ ಟವೆಲು ತೆಗೆದುಕೊಳ್ಳುವಾಗ ಅವನಿಗೆ ತಿಳಿಯಿತು, ತಾನು ಸಾಯುವ ಹೊತ್ತಿಗೆ ಅದನ್ನು ಹಾಡಲು ಯಾರೂ ಉಳಿದಿರುವುದಿಲ್ಲ.