ಸಾವ್ಕಾರರ ಕಾರಿಗೆ ಬ್ರೇಕ್ ಪೈಪ್ ಹಾಕಿದ್ದು

ಹೆಗ್ಗದ್ದೆ ಕಡೆಯ ಒಬ್ಬ ಸಾವ್ಕಾರರಿಗೆ ಒಂದು ಅಭ್ಯಾಸವಿತ್ತು. ಕಾರನ್ನು ಎಲ್ಲಿ ನಿಲ್ಲಿಸುವುದಿದ್ದರೂ ಮೊದಲು ಗುಡ್ಡ ಕಡಿದ ಗೋಡೆಯಂಥ ಒಂದು ಮಣ್ಣಿನ ಧರೆ ಹುಡುಕುತ್ತಿದ್ದರು. ಸಿಕ್ಕಿದ ಮೇಲೆ ಕಾರಿನ ಮೂತಿಯನ್ನು ಮೆಲ್ಲಗೆ ಅದಕ್ಕೆ ಒರಗಿಸಿ, ಎಂಜಿನ್ ಆಫ್ ಮಾಡಿ, ಟೋಪಿ ಸರಿಮಾಡಿಕೊಂಡು ಇಳಿಯುತ್ತಿದ್ದರು. ಹಸು ಕೊಟ್ಟಿಗೆಯ ಕಂಬಕ್ಕೆ ಹಣೆ ಒರಗಿಸಿ ನಿಲ್ಲುತ್ತದಲ್ಲ, ಹಾಗೆ. ಸಕಲೇಶಪುರದ ಪೇಟೆಯಲ್ಲಿ ಧರೆ ಸಿಗದೆ ಎರಡು ಫರ್ಲಾಂಗ್ ಆಚೆ ನಿಲ್ಲಿಸಿ ನಡೆದು ಬರುತ್ತಿದ್ದರು. ನೋಡಿದವರೆಲ್ಲ, ದೊಡ್ಡವರ ಸ್ಟೈಲು ಅಂದುಕೊಂಡಿದ್ದರು.

ಆನೇಮಹಲ್‌ನಲ್ಲಿ ಹೈವೇ ಪಕ್ಕಕ್ಕೆ ನಮ್ಮ ದೊಡ್ಡಪ್ಪನ ಗ್ಯಾರೇಜು. ಡಿಗ್ರಿ ಮುಗಿದ ಮೇಲೆ ನಾನು ಅಲ್ಲಿ ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಕೂರುತ್ತೇನೆ. ಮಾತಾಡುವ ಕೆಲಸ ಕಡಿಮೆ, ನೋಡುವ ಕೆಲಸ ಜಾಸ್ತಿ. ಬರುವ ಮೂರು ಗಾಡಿಗಳಲ್ಲಿ ಒಂದಾದರೂ ನಗುವ ಸಮಾಚಾರ ತಂದೇ ತರುತ್ತದೆ. ಒಂದನ್ನು ಮನೆಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಈ ಸಾವ್ಕಾರರ ಕಾರು ಮಾತ್ರ ಒಂದು ವರ್ಷಕ್ಕಾಗುವಷ್ಟನ್ನು ಒಂದೇ ವಾರದಲ್ಲಿ ಕೊಟ್ಟಿತು.

ಮುಂಚೆ ಹೇಳಬೇಕು

ಅದು ಎರಡೇ ಸೀಟಿನ, ಬಟ್ಟೆಯ ಮಾಡಿನ ಹಳೇ ಸ್ಪೋರ್ಟ್ಸ್ ಕಾರು. ತೋಟ ಮಾರಿ ಊರಿಗೆ ಹೊರಟ ಬಿಳಿ ದೊರೆಯೊಬ್ಬನಿಂದ ಸಾವ್ಕಾರರ ತಂದೆ ಕೊಂಡದ್ದಂತೆ. ಅವತ್ತು ಬೆಳಿಗ್ಗೆ ಅದು ಬಂದು ನಮ್ಮ ಗ್ಯಾರೇಜಿನ ಪಕ್ಕದ ಧರೆಗೆ ಒರಗಿತು. ಹಿಂದೆಯೇ ಎಸ್ಟೇಟ್ ಜೀಪು ಬಂದು ನಿಂತಿತು. ಅದರಲ್ಲಿ ಡ್ರೈವರಿನ ಪಕ್ಕ ಸಾವ್ಕಾರರ ಹೆಂಡತಿ. ನಾವು ಅಮ್ಮಾವ್ರು ಅನ್ನುತ್ತೇವೆ.

ದೊಡ್ಡಪ್ಪ ಕೇಳಿದರು, "ಬ್ರೇಕ್ ಇಲ್ದೆ ಎಷ್ಟು ದಿನ ಆಯ್ತು ಸಾವ್ಕಾರ್ರೇ?"

"ಇಲ್ಲ ಅಂತ ಯಾರು ಹೇಳ್ದೋರು? ಐತೆ. ಸ್ವಲ್ಪ ಮುಂಚೆ ಹೇಳ್ಬೇಕು ಅಷ್ಟೆ."

"ಎಷ್ಟು ಮುಂಚೆ?"

"ಇಲ್ಲಿ ನಿಲ್ಬೇಕು ಅಂದ್ರೆ ಹಿಂದಿನ ಊರು ದೋಣಿಗಾಲ್ ಹತ್ರಾನೇ ಹೇಳ್ಬೇಕು."

ಜೀಪಿನಿಂದ ಅಮ್ಮಾವ್ರ ಮಾತು ಬಂತು. "ಹನ್ನೊಂದು ವರ್ಷದ ಹಿಂದೆ ಇವ್ರು ಹೇಳಿದ್ದು ತಡ ಆಯ್ತು. ಯಾರ್ದೋ ಕಣಕ್ಕೆ ನುಗ್ಗಿ, ಒಣಗ್ ಹಾಕಿದ್ದ ಕಾಫಿ ಮೇಲೆ ಹೋಗಿ ನಿಂತ್ವಿ. ಸೆರಗಲ್ಲಿದ್ದ ಕಾಫಿ ಕೊಡವಿ ಮನೆಗೆ ನಡ್ಕೊಂಡು ಹೋದೋಳು, ಇವತ್ತಿನ ತನಕ ಅದ್ರಲ್ಲಿ ಕೂತಿಲ್ಲ."

ಅಂದಿನಿಂದ ಗಂಡ ಕಾರಿನಲ್ಲಿ, ಹೆಂಡತಿ ಹಿಂದಿನ ಜೀಪಿನಲ್ಲಿ. ಮದುವೆ ಮುಂಜಿಗೆಲ್ಲ ಹಾಗೇ ಹೋಗಿ ಇಳಿಯುವುದನ್ನು ನೋಡಿ, ಇವರಿಬ್ಬರಿಗೆ ಮಾತುಕತೆ ಇಲ್ಲವೆಂದು ನೆಂಟರು ತೀರ್ಮಾನ ಮಾಡಿಬಿಟ್ಟಿದ್ದರು. ಈಗ ಮುಂದಿನ ವಾರ ಆಲೂರಿನಲ್ಲಿ ಸಾವ್ಕಾರರ ತಂಗಿಯ ಮಗಳ ಮದುವೆ.

"ಈ ಸಲ ಇಬ್ರೂ ಒಂದೇ ಗಾಡೀಲಿ ಹೋಗಿ ಇಳೀಬೇಕು ಕಣಪ್ಪ," ಅಂದರು ಸಾವ್ಕಾರರು, ದನಿ ತಗ್ಗಿಸಿ. "ಹೋದ ಮದುವೇಲಿ ನಮ್ನ ರಾಜಿ ಮಾಡ್ಸಕ್ಕೆ ನಾಲ್ಕು ಜನ ಹಿರೀಕರು ಕೂತ್ಕೊಂಡ್ಬುಟ್ರು. ಏನು ಜಗಳ ಅಂತ ಕೇಳಿದ್ರೆ ಹೇಳಕ್ಕೆ ನಂಗೊಂದೂ ಹೊಳೀಲಿಲ್ಲ."

"ನಂಗೆ ಹೊಳೀತು," ಅಂದರು ಅಮ್ಮಾವ್ರು ಜೀಪಿನಿಂದ. "ಬ್ರೇಕು ಅಂದೆ. ಯಾರೂ ನಂಬ್ಲಿಲ್ಲ."

ಕಳೆದುಹೋದ ಪೈಪು

ಕಾರನ್ನು ಜಾಕಿ ಕೊಟ್ಟು ಎತ್ತಿ ದೊಡ್ಡಪ್ಪ ಅಡಿಗೆ ಹೋದರು. ನಾನು ಟಾರ್ಚ್ ಹಿಡಿದೆ. ಪೆಡಲ್ ತುಳಿದರೆ ಬ್ರೇಕ್ ಆಯಿಲ್ ಸಣ್ಣ ಪೈಪುಗಳಲ್ಲಿ ಹರಿದು ನಾಲ್ಕೂ ಚಕ್ರಕ್ಕೆ ಹೋಗಿ ಒತ್ತಬೇಕು. ಆ ಪೈಪುಗಳೆಲ್ಲ ತುಕ್ಕು ಹಿಡಿದು ಬೆರಳು ತಾಗಿದರೆ ಉದುರುವ ಹಾಗಿದ್ದವು. ಹಿಂದಿನ ಚಕ್ರದ ಹತ್ತಿರ ಮಾತ್ರ ಪೈಪಿನ ಬದಲು ಒಂದು ಮೊಳ ಉದ್ದದ ದಪ್ಪ ರಬ್ಬರು ಇತ್ತು. ಅದರ ಮೇಲೆ ನೀಲಿ ಕಲೆ. ಮಳೆಗೆ ಮುಂಚೆ ಕಾಫಿ ಗಿಡಕ್ಕೆ ಬೋರ್ಡೋ ಔಷಧಿ ಹೊಡೆಯುವ ಪೈಪು ಅದು.

"ಇದು ಗಾಡಿ ನಿಲ್ಸಕ್ಕೋ, ಗಿಡಕ್ಕೆ ಹೊಡ್ಯಕ್ಕೋ ಸಾವ್ಕಾರ್ರೇ?" ಅಂತ ದೊಡ್ಡಪ್ಪ ಅಡಿಯಿಂದಲೇ ಕೇಳಿದರು.

"ಎರಡಕ್ಕೂ ಪ್ರೆಶರೇ ತಾನೆ ಬೇಕಾದ್ದು? ಒಂದು ದಿನದ ಮಟ್ಟಿಗೆ ಅಂತ ನಾನೇ ಹಾಕಿದ್ದೆ."

ಅಮ್ಮಾವ್ರು ಜೀಪಿನಿಂದ ಇಳಿದು ಬಂದು, ಬಿಚ್ಚಿಟ್ಟ ತುಂಡನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದರು. "ಪೈಪ್ ಕಾಣ್ತಿಲ್ಲ ಅಂತ ಸ್ಟೋರು, ಆಳುಗಳ ಲೈನ್ ಮನೆ, ಪಾಪ ಲೆಕ್ಕ ಬರಿಯೋ ಆ ರೈಟರ್ ಮನೆ, ಎಲ್ಲಾ ಕಡೆ ಹುಡುಕ್ಸಿದ್ರಲ್ಲ. ಅದೇ ಅಲ್ವಾ ಇದು?"

ಸಾವ್ಕಾರರು ಎದುರಿನ ಗುಡ್ಡ ನೋಡಿದರು.

"ಹುಡುಕಕ್ಕೆ ಹೋಗಿದ್ದು ಯಾವ ಗಾಡೀಲಿ?"

ಗುಡ್ಡ ನೋಡುವುದು ಮುಂದುವರಿಯಿತು. ಉತ್ತರ ಬಂದದ್ದು ಕಾರಿನ ಅಡಿಯಿಂದ. "ಇದ್ರಲ್ಲೇ ಹೋಗಿರ್ಬೇಕು ಅಮ್ಮಾವ್ರೇ. ಚೆನ್ನಾಗಿ ಸವೆದೈತೆ."

ದಪ್ಪ ಪುಸ್ತಕ

ಮಾರನೇ ದಿನ ಸಾವ್ಕಾರರು ಕಾರಿನ ಜೊತೆ ಬಂದಿದ್ದ ಪುಸ್ತಕವನ್ನು ಶಲ್ಯದಲ್ಲಿ ಸುತ್ತಿ ತಂದರು. ಇಂಗ್ಲಿಷು. ತಲೆದಿಂಬಿನಷ್ಟು ದಪ್ಪ.

"ನಮ್ಮ ಮಗಳು ಕಾನ್ವೆಂಟಲ್ಲಿ ಓದಿರೋದು," ಅಂತ ದೊಡ್ಡಪ್ಪ ಅದನ್ನು ನನ್ನ ಕೈಗೆ ಕೊಟ್ಟರು.

ನಾನು ಓದಿದೆ. ಒಂದೊಂದು ಪದವೂ ನನಗೆ ಗೊತ್ತಿತ್ತು, ಒಂದು ವಾಕ್ಯವೂ ಅರ್ಥವಾಗಲಿಲ್ಲ. ದೊಡ್ಡಪ್ಪನಿಗೆ ಒಂದು ಪದವೂ ಗೊತ್ತಿರಲಿಲ್ಲ, ಎಲ್ಲಾ ಅರ್ಥವಾಯಿತು. ಚಿತ್ರದ ಮೇಲೆ ಬೆರಳಿಟ್ಟು, "ಹೂಂ, ಈ ನಟ್ಟು ಮೊದ್ಲು ಬಿಚ್ಚು ಅಂತಾನೆ, ಆಯಿಲ್ ಕಣ್ಣಿಗೆ ಬೀಳ್ಸ್ಕೋಬೇಡ ಅಂತಾನೆ," ಅಂತ ನನಗೇ ಹೇಳಿಕೊಟ್ಟರು. ಪೈಪ್ ಬಿಚ್ಚುವುದರ ಬಗ್ಗೆಯೇ ಎಷ್ಟೋ ಪುಟ. ಓದಿ ಓದಿ ಊಟದ ಹೊತ್ತಾಯಿತು. ಕೊನೆಗೆ ಹೊಸದನ್ನು ಜೋಡಿಸುವ ಭಾಗ ಬಂತು. ಒಂದೇ ಒಂದು ಸಾಲು. ಬಿಚ್ಚಿದ್ದನ್ನು ಹಿಂದುಮುಂದಾಗಿ ಮಾಡಿದರೆ ಜೋಡಿಸಿದ ಹಾಗೆ.

"ಅಷ್ಟೇನಾ?"

"ಅಷ್ಟೆ ದೊಡ್ಡಪ್ಪ."

"ಮುಂದಿನ ಪುಟದಲ್ಲಿ?"

"ವೈಪರ್ ಬಗ್ಗೆ ಇದೆ."

ದೊಡ್ಡಪ್ಪ ಪುಸ್ತಕ ಮುಚ್ಚಿದರು. "ಮೂವತ್ತು ವರ್ಷದಿಂದ ನಾನೂ ಇದನ್ನೇ ಹೇಳ್ತಾ ಬಂದಿದೀನಿ ಮಗಾ. ನಾನು ಹೇಳಿದ್ರೆ, ಉಡಾಫೆ ಮಾಡ್ತಾನೆ ಅಂತಾರೆ."

ಡೊಂಕಿನ ಗುಟ್ಟು

ಹೊಸ ತಾಮ್ರದ ಪೈಪ್ ಬಗ್ಗಿಸುವುದಕ್ಕೆ ಹಳೆಯದೇ ಅಳತೆ. ಹಳೆಯ ಪೈಪನ್ನು ನೆಲದ ಮೇಲೆ ಇಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆ ಗೆರೆಯ ಮೇಲೆ ಹೊಸದನ್ನು ಬಗ್ಗಿಸುತ್ತಾ ಹೋಗುವುದು. ಎಂಜಿನ್ ಪಕ್ಕದ ಪೈಪಿನಲ್ಲಿ ಒಂದು ಕಡೆ ಚೊಂಬಿನ ಕಂಠದ ಹಾಗೆ ದುಂಡಗೆ ಒಂದು ಡೊಂಕಿತ್ತು. ಯಾಕೆಂದು ಯಾರಿಗೂ ತಿಳಿಯಲಿಲ್ಲ.

"ಮಾಡ್ದೋನು ದಡ್ಡ ಅಲ್ಲ. ಏನೋ ಲೆಕ್ಕ ಹಾಕಿರ್ತಾನೆ," ಅಂದರು ದೊಡ್ಡಪ್ಪ. ಎರಡು ಪೈಪು ನುಲಿದು ಹಾಳಾದವು. ಮೂರನೆಯದಕ್ಕೆ ಡೊಂಕು ಸರಿಯಾಗಿ ಕೂತಿತು. ಪಕ್ಕದ ವೆಲ್ಡಿಂಗ್ ಶಾಪಿನವರನ್ನು ಕರೆದು ತೋರಿಸಿದರು. "ನೋಡ್ರೀ, ಎಂಥಾ ಕೈಗೆಲಸ. ನಮ್ಮೋರಾದ್ರೆ ನೆಟ್ಟಗೆ ಎಳೆದು ಕೈ ತೊಳ್ಕೊಳೋರು."

ಸಂಜೆ ಸಾವ್ಕಾರರು ಬಂದು ಬಾನೆಟ್ ಒಳಗೆ ಬಗ್ಗಿ ನೋಡಿ ಬಹಳ ಖುಷಿಪಟ್ಟರು. ಕೈಚೀಲದಿಂದ ಒಂದು ಸ್ಟೀಲ್ ಫ್ಲಾಸ್ಕ್ ತೆಗೆದು ಆ ಡೊಂಕಿನೊಳಗೆ ಇಳಿಸಿದರು. ಬಿಗಿಯಾಗಿ ಕೂತಿತು.

"ಎಂಜಿನ್ ಶಾಖಕ್ಕೆ ಕಾಫಿ ಆರಲ್ಲ. ನಮ್ಮಪ್ಪ ಬಗ್ಗಿಸಿದ್ದು," ಅಂದರು.

ಬ್ರೇಕ್ ಆಯಿಲ್ ಬಿಸಿಯಾದರೆ ಬ್ರೇಕೇ ಕೈಕೊಡುತ್ತದೆಂದು ದೊಡ್ಡಪ್ಪ ಪೈಪ್ ಮತ್ತೆ ಬಿಚ್ಚಿ, ನಾಲ್ಕನೆಯದನ್ನು ನೆಟ್ಟಗೆ ಎಳೆದರು. ಫ್ಲಾಸ್ಕಿನ ಕಾಫಿ ನಮಗೆಲ್ಲ ಸಿಕ್ಕಿತು. ದೊಡ್ಡಪ್ಪ ಮಾತ್ರ ಟೀ ತರಿಸಿಕೊಂಡರು.

ಹಾನುಬಾಳಿನ ಅಜ್ಜಿ

ಪೈಪು ಹಾಕಿದರೆ ಮುಗಿಯಲಿಲ್ಲ, ಒಳಗಿನ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರ ಸ್ಕ್ರೂ ಸಡಿಲಿಸಿ, ಗಾಳಿ ಗುಳ್ಳೆ ಹೋದ ಮೇಲೆ ಬಿಗಿ ಮಾಡಬೇಕು. ಆಮೇಲೆ ಪೆಡಲ್ ಬಿಡಬೇಕು. ಆ ಸೀಟಿನಲ್ಲಿ ದೊಡ್ಡಪ್ಪನ ಹೊಟ್ಟೆ ಹಿಡಿಸಲಿಲ್ಲ, ವೆಲ್ಡಿಂಗಿನವರ ಮೊಣಕಾಲು ಹಿಡಿಸಲಿಲ್ಲ. ನಾನು ಹಿಡಿಸಿದೆ.

"ತುಳಿದೆ" ಅಂತ ನಾನು ಹೇಳುವುದು ಹೈವೇ ಲಾರಿಗಳ ಸದ್ದಿನಲ್ಲಿ ದೊಡ್ಡಪ್ಪನಿಗೆ ಕೇಳಲಿಲ್ಲ. ಲಾರಿ ಇಲ್ಲದಾಗಲೂ ಕೇಳಲಿಲ್ಲ, ನನ್ನ ದನಿಯೇ ಅಷ್ಟು.

"ಹಾರ್ನ್ ಹೊಡಿ ಮಗಾ. ಒಂದು ಹೊಡೆದ್ರೆ ತುಳಿದೆ ಅಂತ, ಎರಡು ಹೊಡೆದ್ರೆ ಬಿಟ್ಟೆ ಅಂತ."

ಆ ಕಾರಿನ ಹಾರ್ನು ಗಾತ್ರಕ್ಕೆ ಮೀರಿದ್ದು. ಒಂದು ಹೊಡೆದೆ, ಬಸ್ ಸ್ಟಾಪಿನಲ್ಲಿ ಕೂತಿದ್ದವರೆಲ್ಲ ಚೀಲ ಹಿಡಿದು ಎದ್ದರು. ಎರಡು ಹೊಡೆದೆ, ಕೂತರು. ಮೂರು ಸಲ ಎದ್ದು ಕೂತ ಮೇಲೆ ಒಬ್ಬರು ಅಜ್ಜಿ ಬೇಸರಪಟ್ಟು ಚೀಲದ ಸಮೇತ ನಮ್ಮ ಕಡೆಗೇ ನಡೆದು ಬಂದರು.

"ಹಾನುಬಾಳಿಗೆ ಹೋಗ್ತದೇನವ್ವ?"

ಇಲ್ಲ ಅನ್ನಬೇಕು ಅಂದುಕೊಂಡೆ. ಅಷ್ಟರಲ್ಲಿ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತು, ಚೀಲ ತೊಡೆಯ ಮೇಲಿಟ್ಟುಕೊಂಡಾಗಿತ್ತು. "ನಿಧಾನಕ್ಕೆ ಹೊರಡು. ನಂಗೇನೂ ಅರ್ಜೆಂಟಿಲ್ಲ," ಅಂದರು. ಕಣ್ಣು ಮುಚ್ಚಿದರು. ನಾನು ಹಾರ್ನ್ ಹೊಡೆಯುತ್ತಾ ಕೂತೆ. ಮೂರು ಚಕ್ರದ ಗಾಳಿ ಅಜ್ಜಿಯ ಸಮಕ್ಷಮದಲ್ಲೇ ಹೋಯಿತು.

ಆಗ ರಸ್ತೆಯ ಆಚೆಯಿಂದ ಸಾವ್ಕಾರರು ಬರುತ್ತಿದ್ದರು. ಕಾರಿನ ಎಡಗಡೆ ಸೀಟಿನಲ್ಲಿ ಸೆರಗು ಹೊದ್ದ ಹೆಂಗಸೊಬ್ಬಳು ಕಂಡಳು. ಮನೆಯವರೇ ಅಂದುಕೊಂಡಿರಬೇಕು. ಟೋಪಿ ತೆಗೆದು ತಲೆಗೂದಲು ಸವರಿಕೊಂಡು, ಮುಖದ ತುಂಬಾ ನಗುತ್ತಾ ಓಡುವ ಹಾಗೆ ಬಂದು ಬಾಗಿಲಿನಲ್ಲಿ ಬಗ್ಗಿದರು.

ಅಜ್ಜಿ ಒಂದು ಕಣ್ಣು ತೆರೆದರು. "ಸೀಟಿಲ್ಲ ಮಾರಾಯ. ಹಿಂದೆ ಬರೋ ಗಾಡೀಲಿ ಬಾ."

ಬ್ರೇಕ್ ಜಾಸ್ತಿ ಆಯಿತು

ಟ್ರಯಲ್ಲಿಗೆ ಹಾನುಬಾಳು ರಸ್ತೆಯ ಇಳಿಜಾರಿಗೆ ಹೋದೆವು. ದೊಡ್ಡಪ್ಪ ಸೀಟಿನಲ್ಲಿ ಹಿಡಿಸುವುದಿಲ್ಲವಾದ್ದರಿಂದ ಮೊದಲು ಓಡಿಸಿದ್ದು ನಾನೇ. ಲೈಸೆನ್ಸ್ ಇದೆ, ಗ್ಯಾರೇಜಿನ ಜೀಪುಗಳನ್ನು ಓಡಿಸಿ ಅಭ್ಯಾಸವೂ ಇದೆ. ಅವರು ರಸ್ತೆಗೆ ಅಡ್ಡ ಒಂದು ಸುಣ್ಣದ ಗೆರೆ ಎಳೆದಿದ್ದರು. ಮೂರು ಸಲವೂ ಮುಂದಿನ ಚಕ್ರ ಗೆರೆಯ ಮೇಲೇ ನಿಂತಿತು. ಅಮ್ಮಾವ್ರು ಜೀಪಿನಿಂದ ಇಳಿದು ಬಂದು, ಚಕ್ರವನ್ನೂ ಗೆರೆಯನ್ನೂ ನನ್ನನ್ನೂ ನೋಡಿ ವಾಪಸ್ ಹೋದರು.

ಆಮೇಲೆ ಸಾವ್ಕಾರರು ಕೂತರು. ಹನ್ನೊಂದು ವರ್ಷದ ಅಭ್ಯಾಸ. ಗೆರೆ ಇನ್ನೂ ಎಷ್ಟೋ ದೂರ ಇರುವಾಗಲೇ ಮೈಭಾರವೆಲ್ಲ ಬಿಟ್ಟು ಪೆಡಲ್ ತುಳಿದರು. ಕಾರು ನೆಟ್ಟ ಕಲ್ಲಿನ ಹಾಗೆ ನಿಂತಿತು. ಟೋಪಿ ಒಂದೇ ಉರುಳಿಕೊಂಡು ಹೋಗಿ ಗೆರೆ ದಾಟಿತು.

"ಬ್ರೇಕ್ ಜಾಸ್ತಿ ಆಗೈತೆ. ಸ್ವಲ್ಪ ಕಮ್ಮಿ ಮಾಡು," ಅಂದರು.

"ಸಾರಿನ ಖಾರವಾ ಕಮ್ಮಿ ಮಾಡಕ್ಕೆ?" ಅಂದರು ದೊಡ್ಡಪ್ಪ.

ಎರಡನೇ ಸಲ ಕಾರು ಗೆರೆ ದಾಟಿ, ತಿರುವು ದಾಟಿ, ನಿಧಾನವಾಗಿ ಹೋಗಿ ಧರೆಗೆ ಒರಗಿತು. ನಾವು ಓಡಿ ಹೋದೆವು.

"ಬ್ರೇಕ್ ಹಿಡೀಲಿಲ್ವಾ ಸಾವ್ಕಾರ್ರೇ?"

"ನೆನಪಾಗ್ಲಿಲ್ಲ ಕಣೋ," ಅಂದರು. "ಧರೆ ಕಾಣ್ತು."

ಮದುವೆಯ ಬೆಳಿಗ್ಗೆ

ಮದುವೆಯ ದಿನ ಆಲೂರಿಗೆ ಹೋಗುವ ದಾರಿಯಲ್ಲಿ ಕೊನೆಯ ಸಲ ತೋರಿಸಿಕೊಂಡು ಹೋಗಲು ಸಾವ್ಕಾರರು ಗ್ಯಾರೇಜಿಗೆ ಬಂದರು. ಜರಿಪಂಚೆ, ರೇಷ್ಮೆ ಶಲ್ಯ. ಕಾರಿಗೆ ತೊಳೆದು ಎಣ್ಣೆ ಹಚ್ಚಿದ ಹೊಳಪು. ಹಿಂದೆ ಜೀಪಿನಲ್ಲಿ ಅಮ್ಮಾವ್ರು, ಮೆಂತ್ಯ ಬಣ್ಣದ ರೇಷ್ಮೆ ಸೀರೆಯಲ್ಲಿ. ದೊಡ್ಡಪ್ಪ ನಾಲ್ಕೂ ಚಕ್ರದ ಹಿಂದೆ ಕೈಯಾಡಿಸಿ ಬೆರಳು ತೋರಿಸಿದರು. "ಒಂದು ತೊಟ್ಟು ಆಯಿಲ್ ಸೋರಿಲ್ಲ. ಧೈರ್ಯವಾಗಿ ಹೋಗ್ಬರ್ರಿ."

ಸಾವ್ಕಾರರು ಎಡಗಡೆ ಬಾಗಿಲು ತೆಗೆದು, ಶಲ್ಯದಿಂದ ಸೀಟು ಒರೆಸಿ, ಪಕ್ಕಕ್ಕೆ ನಿಂತರು. ಅಮ್ಮಾವ್ರು ಜೀಪಿನಿಂದ ಇಳಿದರು. ನೆರಿಗೆ ಎತ್ತಿ ಹಿಡಿದು ನಡೆದು ಬಂದು, ಕಾರಿನಲ್ಲಿ ಕೂತರು. ಸಾವ್ಕಾರರು ಮಲಗಿದ ಮಗು ಏಳಬಾರದೆಂಬ ಹಾಗೆ ಬಾಗಿಲು ಹಾಕಿದರು. ಮೀಸೆಯ ಅಡಿಯಲ್ಲಿ ನಗು ಅಡಗಿಸಲು ಒದ್ದಾಡುತ್ತಾ ಸುತ್ತು ಹಾಕಿ ಡ್ರೈವರ್ ಬಾಗಿಲ ಹತ್ತಿರ ಬಂದರು.

"ಮಗಾ, ಬಾ ಇಲ್ಲಿ," ಅಂದರು ಅಮ್ಮಾವ್ರು. ಕರೆದದ್ದು ನನ್ನನ್ನು.

ಹೋದೆ.

"ಗೆರೆ ಮೇಲೆ ನಿಲ್ಸಿದ್ದು ನೀನಲ್ವಾ?"

ತಲೆಯಾಡಿಸಿದೆ.

"ಆಲೂರ್ ತನಕ ನೀನು ಓಡ್ಸು. ಹನ್ನೊಂದು ವರ್ಷ ನಾನು ಹಿಂದೆ ಬಂದಿದೀನಿ. ಇವತ್ತೊಂದಿನ ಇವ್ರು ಜೀಪಲ್ಲಿ ಬರ್ಲಿ."

ಸಾವ್ಕಾರರ ಕೈಯಲ್ಲಿ ಕೀ ಹಾಗೇ ಉಳಿಯಿತು. "ಇರೋದು ಎರಡೇ ಸೀಟು ಕಣೇ," ಅಂದರು.

"ಅದಕ್ಕೇ ಹೇಳಿದ್ದು."

ದೊಡ್ಡಪ್ಪನ ಕಡೆ ನೋಡಿದೆ. ಅವರಿಗೆ ಆಗಲೇ ಒಂದು ಟಿಲ್ಲರಿನ ಅಡಿಯಲ್ಲಿ ತುಂಬಾ ಕೆಲಸ ಬಂದಿತ್ತು. ಕಾಲು ಮಾತ್ರ ಕಾಣುತ್ತಿತ್ತು. ಅಮ್ಮಾವ್ರು ಕನ್ನಡಿಯಲ್ಲಿ ಕುಂಕುಮ ನೋಡಿಕೊಂಡು, "ಮುಹೂರ್ತಕ್ಕೆ ಹೊತ್ತಾಯ್ತು, ಕೀ ಇಸ್ಕೊಂಡು ಹತ್ತು," ಅಂದರು.

ಸಾವ್ಕಾರರು ಟೈರು ನೋಡುವವರ ಹಾಗೆ ನನ್ನ ಪಕ್ಕ ಬಗ್ಗಿದರು. ಟೈರಿನ ಕಡೆಗೇ ಮುಖ ಮಾಡಿ, ಹೆಂಡತಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು.

"ನಂಗಾಗಲ್ಲ, ನಾನು ಓಡ್ಸಲ್ಲ ಅಂತ ನೀನೇ ಅಂದ್ಬುಡವ್ವ. ಒಂದೇ ಒಂದು ಮಾತು."